ಮಾಲೂರಿನ ಜೇಡಿಮಣ್ಣು, ಲಕ್ಕೂರಿನ ಮಕ್ಕಳು

ಮಳೆ ಬೀಳುವ ಮೊದಲು ಹಸಿ ಇಟ್ಟಿಗೆಯನ್ನು ಸುಟ್ಟು ಮುಗಿಸುವ ಧಾವಂತ ಮಾಲೂರು ಸೀಮೆಯಲ್ಲಿ ಈಗ ತಣಿದಿದೆ. ಅದೇ ಹೊತ್ತಿಗೆ ಶಾಲೆಗಳು ತೆರೆದಿವೆ. ಮಾಲೂರು ಎಂದರೆ ನಾಡಿನ ಬಹಳ ಮಂದಿಗೆ ನೆನಪಾಗುವುದು ಇಟ್ಟಿಗೆ ಮತ್ತು ಹೆಂಚು. ಐವತ್ತು ಕಿಲೋಮೀಟರ್ ಆಚೆಗಿನ ಬೆಂಗಳೂರಿನ ಎಷ್ಟೋ ಗೋಡೆಗಳು ಈ ತಾಲ್ಲೂಕಿನ ಮಣ್ಣಿನಿಂದಲೇ ಎದ್ದಿವೆ. ಇದೇ ತಾಲ್ಲೂಕಿನ ಲಕ್ಕೂರು ಹೋಬಳಿಯಲ್ಲಿ ಹೈಸ್ಕೂಲು ಓದುವ ಹುಡುಗಿಯೊಬ್ಬಳು ಆ ಮಣ್ಣಿನಲ್ಲಿ ತನ್ನ ಕೈಯಾರೆ ಒಂದು ಬಟ್ಟಲು ಮಾಡಿ, ಅದನ್ನು ಸುಟ್ಟು, ಮನೆಗೆ ಒಯ್ಯುವಂತಾಗಬೇಕು. ಈ ಸಂಚಿಕೆಯಲ್ಲಿ ಹೇಳಬೇಕೆನಿಸಿದ್ದು ಇಷ್ಟೇ.

ನಮ್ಮ ಪ್ರೌಢಶಾಲೆಗಳಲ್ಲಿ ಚಿತ್ರಕಲೆ ಇಲ್ಲವೆಂದಲ್ಲ. ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಪ್ರತಿವರ್ಷ ಸಾವಿರಾರು ಮಕ್ಕಳು ಕೂರುತ್ತಾರೆ. ವಸ್ತುಚಿತ್ರದ ಅಭ್ಯಾಸಕ್ಕೆ ಮೇಜಿನ ಮೇಲೆ ಬಿಂದಿಗೆಯನ್ನೋ ಮಡಕೆಯನ್ನೋ ಇಟ್ಟು, ಬೆಳಕು ಯಾವ ಕಡೆಯಿಂದ ಬಿದ್ದಿದೆ, ನೆರಳು ಎಲ್ಲಿ ಗಾಢವಾಗಿದೆ ಎಂದು ಮೇಷ್ಟ್ರು ತೋರಿಸಿಕೊಡುತ್ತಾರೆ. ಅದು ಒಳ್ಳೆಯ ಪಾಠ, ಕಣ್ಣನ್ನು ಪಳಗಿಸುತ್ತದೆ. ಆದರೆ ಮಡಕೆಯ ಹೊಟ್ಟೆ ಏಕೆ ಉಬ್ಬಿದೆ, ಕಂಠ ಏಕೆ ಕಿರಿದಾಗಿದೆ, ಅಂಚು ಏಕೆ ಹೊರಕ್ಕೆ ಬಾಗಿದೆ ಎಂಬುದು ಪೆನ್ಸಿಲಿಗೆ ಗೊತ್ತಾಗುವುದಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಕ್ಲೇ ಮಾಡೆಲಿಂಗ್ ಸ್ಪರ್ಧೆಯಿದೆ. ಗೌರಿ ಗಣೇಶ ಹಬ್ಬದ ಮುಂಚೆ ಹಲವು ಶಾಲೆಗಳಲ್ಲಿ ಮಣ್ಣಿನ ಗಣಪನ ಶಿಬಿರವೂ ನಡೆಯುತ್ತದೆ. ಎರಡರಲ್ಲೂ ಮಣ್ಣು ಹಸಿಯಾಗಿಯೇ ಉಳಿಯುತ್ತದೆ. ಗಣಪ ನೀರಿನಲ್ಲಿ ಕರಗಬೇಕಾದವನು, ಸರಿಯೆ. ಸ್ಪರ್ಧೆಯ ಆನೆ, ಮನೆ, ಎತ್ತಿನಗಾಡಿಗಳೂ ಬಿರುಕುಬಿಟ್ಟು ಪುಡಿಯಾಗುತ್ತವೆ. ಬೆಂಕಿಯ ತನಕ ಹೋಗುವ ಪಾಠ ಒಂದೂ ಇಲ್ಲ.

ನಿಜವಾದ ಕಲಿಕೆ ಇರುವುದು ಆ ಬೆಂಕಿಯ ಹಾದಿಯಲ್ಲೇ. ಕೆರೆಯಂಗಳದ ಜೇಡಿಯನ್ನು ಒಣಗಿಸಿ, ಕುಟ್ಟಿ, ನೆನೆಸಿ, ಸೋಸಿ, ಸಣ್ಣ ಮರಳು ಬೆರೆಸಿ ತುಳಿದರೆ ಹದಕ್ಕೆ ಬರುತ್ತದೆ. ಮರಳು ಕಡಿಮೆಯಾದರೆ ಒಣಗುವಾಗ ಸೀಳುತ್ತದೆ, ಹೆಚ್ಚಾದರೆ ಕೈಯಲ್ಲಿ ನಿಲ್ಲುವುದಿಲ್ಲ. ಮಾಡಿದ ಬಟ್ಟಲು ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಒಣಗಿ ಸುಟ್ಟು ಬರುವಷ್ಟರಲ್ಲಿ ಅದು ಸುಮಾರು ಹತ್ತನೇ ಒಂದು ಪಾಲು ಕುಗ್ಗಿರುತ್ತದೆ. ಮುಚ್ಚಳ ಸರಿಯಾಗಿ ಕೂರಬೇಕೆಂದಿದ್ದರೆ ಇದರ ಲೆಕ್ಕ ಮೊದಲೇ ಹಾಕಬೇಕು. ಒಳಗೆ ಹಸಿ ಉಳಿದಿದ್ದರೆ, ಶಾಖ 100 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಆವಿ ಹೊರಬರಲು ದಾರಿ ಕಾಣದೆ ಪಾತ್ರೆ ಸಿಡಿಯುತ್ತದೆ. 573 ಡಿಗ್ರಿಯಲ್ಲಿ ಮರಳಿನ ಕಣ ತಟ್ಟನೆ ಹಿಗ್ಗುತ್ತದೆ. 600ರ ಸುಮಾರಿಗೆ ಜೇಡಿಯ ರಚನೆಯೊಳಗೇ ಸೇರಿಕೊಂಡಿದ್ದ ನೀರು ಬಿಟ್ಟುಹೋಗುತ್ತದೆ, ಆಮೇಲೆ ಅದನ್ನು ಎಷ್ಟು ನೆನೆಸಿದರೂ ಮತ್ತೆ ಕೆಸರಾಗದು. ಆವಿಗೆಗೆ ಬೆಂಕಿಯಿಟ್ಟ ಕುಂಬಾರರು ಮೊದಲ ತಾಸುಗಳಲ್ಲಿ ಸೌದೆಯನ್ನು ಅಷ್ಟು ಹಿಡಿತದಿಂದ ಒಡ್ಡುವುದು ಏಕೆಂದು ಒಮ್ಮೆ ಪಕ್ಕದಲ್ಲಿ ಕೂತು ನೋಡಿದ ಹುಡುಗ ಭೌತ, ರಸಾಯನ ಎರಡನ್ನೂ ಬೇರೆ ಕಣ್ಣಿನಿಂದ ಓದುತ್ತಾನೆ. ಇತಿಹಾಸವನ್ನೂ. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ, ಬೃಹತ್ ಶಿಲಾ ಸಮಾಧಿಗಳೊಳಗೆ ಕಪ್ಪು ಕೆಂಪು ಮಡಕೆಗಳು ಸಿಕ್ಕವು. ಗಾಳಿ ತಾಗಿದ ಕಡೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಗಾಳಿಯಿಲ್ಲದೆ ಹೊಗೆಯುಂಡ ಕಡೆ ಕಪ್ಪಾಗುತ್ತದೆ. ಇದನ್ನು ಮಕ್ಕಳು ಪುಟ್ಟ ಕುಡಿಕೆಯೊಂದನ್ನು ಹೊಟ್ಟಿನಲ್ಲಿ ಹೂತು ಸುಟ್ಟು ತಾವೇ ಕಾಣಬಹುದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಕೈಕಸುಬುಗಳ ಪರಿಚಯ ಮಾಡಿಸಬೇಕೆಂದಿತು. ಅದರಲ್ಲಿ ಕುಂಬಾರಿಕೆಯ ಹೆಸರೂ ಇತ್ತು, ಹತ್ತು ದಿನ ಪುಸ್ತಕದ ಚೀಲವಿಲ್ಲದ ಶಾಲೆಯ ಮಾತೂ ಇತ್ತು. ಹತ್ತು ದಿನದಲ್ಲಿ ಮಣ್ಣು ಸರಿಯಾಗಿ ಒಣಗುವುದೂ ಕಷ್ಟ. ನೀತಿ ಯಾರದೇ ಇರಲಿ, ಈ ಕೆಲಸಕ್ಕೆ ವಾರಕ್ಕೊಂದು ಮಧ್ಯಾಹ್ನದಂತೆ ಇಡೀ ವರ್ಷ ಬೇಕು, ಅದೂ ಕೈಗೆ ಬಲ ಬಂದಿರುವ ಹೈಸ್ಕೂಲಿನ ವಯಸ್ಸಿನಲ್ಲಿ.

ಇದಕ್ಕೊಂದು ಎದುರುಮಾತಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಮಣ್ಣಿನ ಕೆಲಸ ಒಂದು ಜಾತಿಯದು, ಇಟ್ಟಿಗೆ ಗೂಡಿನ ದುಡಿಮೆ ದಿಕ್ಕಿಲ್ಲದವರದು ಎಂದು ನಮ್ಮ ಸಮಾಜ ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಗೂಡಿನ ಬಿಸಿಯಲ್ಲಿ ಬೆಂದ ತಾಯಿತಂದೆ ಮಗುವನ್ನು ಶಾಲೆಗೆ ಕಳಿಸುವುದೇ ಮಣ್ಣಿನಿಂದ ಬಿಡಿಸಲಿಕ್ಕೆ. ಅವರ ಮುಂದೆ ನಿಂತು ಮಣ್ಣಿನ ಹಿರಿಮೆ ಹೇಳುವ ಹಕ್ಕು ನಮಗಿಲ್ಲ. ಆದರೆ ಬೆಂಗಳೂರಿನ ಸಿರಿವಂತರ ಶಾಲೆಗಳಲ್ಲಿ ತಿಗರಿ ಇದೆ, ವಿದ್ಯುತ್ ಗೂಡು ಇದೆ, ಸೆರಾಮಿಕ್ಸ್ ಎಂಬ ಹೆಸರಿನಲ್ಲಿ ಅದು ಕಲೆಯ ಪಠ್ಯವಾಗಿದೆ. ವಾರಾಂತ್ಯದ ಸ್ಟುಡಿಯೊಗಳಲ್ಲಿ ಶುಲ್ಕ ಕೊಟ್ಟು ಜನ ಕೈ ಕೆಸರು ಮಾಡಿಕೊಳ್ಳುತ್ತಾರೆ. ಅಲ್ಲಿ ಗೌರವ ತರುವ ಕೆಲಸ ಇಲ್ಲಿ ಅವಮಾನ ತರುವುದಾದರೆ ತಪ್ಪು ಮಣ್ಣಿನದಲ್ಲ, ಕೂಲಿಯದು ಮತ್ತು ಜಾತಿಯದು. ಎಲ್ಲ ಕೇರಿಯ ಮಕ್ಕಳೂ ಒಂದೇ ರಾಶಿಯ ಮಣ್ಣನ್ನು ಒಟ್ಟಿಗೆ ತುಳಿಯುವ ತರಗತಿ ಬೇಕೆನ್ನುವುದು ಇದೇ ಕಾರಣಕ್ಕೆ. ಕಲಿಸಲು ಬರುವ ಕುಂಬಾರರಿಗೆ ಶಾಲು, ಹಾರ ಸಾಲದು. ಅತಿಥಿ ಶಿಕ್ಷಕರಿಗೆ ಕೊಡುವಂತೆ ತಿಂಗಳ ಗೌರವಧನ ಸಿಗಬೇಕು.

ಬೇಕಾದ ಸಲಕರಣೆ ಹೆಚ್ಚಿಲ್ಲ. ಮೊದಲ ವರ್ಷ ತಿಗರಿಯೂ ಬೇಡ, ಬೆರಳಲ್ಲಿ ಒತ್ತಿ, ಸುರುಳಿ ಸುತ್ತಿ, ಹಲಗೆಯಲ್ಲಿ ತಟ್ಟಿ ಮಾಡುವುದೇ ಬೇಕಾದಷ್ಟಿದೆ. ಹೋಬಳಿಗೊಂದು ಸಣ್ಣ ಗೂಡು ಕಟ್ಟಿದರೆ ಸುತ್ತಲಿನ ಶಾಲೆಗಳು ಸರದಿಯಲ್ಲಿ ಸುಡಬಹುದು. ಅದಕ್ಕೆ ಬೇಕಾದ ಇಟ್ಟಿಗೆಯಂತೂ ಮಾಲೂರಿನಲ್ಲೇ ಇದೆ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯಿದೆ. ಕೋಲಾರ ಜಿಲ್ಲೆಯ ಕೆಲವು ಚಿತ್ರಕಲಾ ಶಿಕ್ಷಕರನ್ನು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಕಳಿಸುವುದು ಶಿಕ್ಷಣ ಇಲಾಖೆಗೆ ದೊಡ್ಡ ಖರ್ಚಲ್ಲ.

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಕೋಲಾರದ ಡ್ರಾಯಿಂಗ್ ಮೇಷ್ಟ್ರುಗಳೇ, ಇನ್ನೂ ಆವಿಗೆ ಹಾಕುತ್ತಿರುವ ಕುಂಬಾರ ಮನೆತನದವರೇ, ನಿಮ್ಮೂರಿನ ಯಾವ ಕೆರೆಯ ಮಣ್ಣು ಯಾವುದಕ್ಕೆ ಒಗ್ಗುತ್ತದೆ, ಶಾಲೆಯಲ್ಲಿ ಸುಡಲು ಹೊರಟರೆ ಏನೇನು ಅಡ್ಡಿ ಬರುತ್ತದೆ ಎಂದು ನಮಗೆ ಬರೆಯಿರಿ. ಬರೆಯಲು ಬಿಡುವಿಲ್ಲದಿದ್ದರೆ ಹೇಳಿ ಕಳಿಸಿ, ನಾವೇ ಬಂದು ಬರೆದುಕೊಳ್ಳುತ್ತೇವೆ. ಮುಂದಿನ ಸಂಚಿಕೆಗಳಲ್ಲಿ ಅದಕ್ಕೆಂದೇ ಪುಟಗಳನ್ನು ತೆಗೆದಿಟ್ಟಿದ್ದೇವೆ.