ಮೆಟ್ಟಿಲ ಕೆಳಗಿನ ಬ್ಯಾಟರಿಗೆ ಒಂದು ಸರಿಯಾದ ಜಾಗ ಬೇಕು



ಕಳೆದ ಡಿಸೆಂಬರಿನಲ್ಲಿ ಕ್ಯಾರಲ್ ಹಾಡುತ್ತಾ ಪೆರಿಯನಾಯಕನಪಾಳ್ಯಂನ ನಮ್ಮ ಕನ್ನಡ ಮನೆಗಳಿಗೆ ಹೋದಾಗ ಒಂದು ಮನೆಯ ಗೋದಲಿ ನಮಗೆಲ್ಲ ಬಹಳ ಹಿಡಿಸಿತು. ಒಣಹುಲ್ಲು, ಮಣ್ಣಿನ ಕುರಿಗಳು, ಮುಂದೆ ಎರಡು ಮೇಣದ ಬತ್ತಿ. ಹಾಡು ಮುಗಿಸಿ ಕೇಕ್ ತಿನ್ನುವಾಗ ನಮ್ಮಲ್ಲೊಬ್ಬರು ಬಗ್ಗಿ ನೋಡಿದರು. ಗೋದಲಿ ಕೂತಿದ್ದದ್ದು ಮರದ ಪೆಟ್ಟಿಗೆಯ ಮೇಲೆ. ಪೆಟ್ಟಿಗೆಯೊಳಗೆ ಸೋಲಾರಿನ ಎರಡು ದೊಡ್ಡ ಬ್ಯಾಟರಿಗಳು. ನಾವು ಮೆಲ್ಲಗೆ ಬತ್ತಿ ಆರಿಸಿದೆವು. ಮನೆಯ ಅಜ್ಜಿ ನಕ್ಕು, "ಎಷ್ಟೋ ವರ್ಷದಿಂದ ಅಲ್ಲೇ ಇದೆ ಮಗಾ, ಏನೂ ಆಗಿಲ್ಲ" ಎಂದರು.

ಅಜ್ಜಿಯ ಆ ಮಾತೇ ಈ ಬರಹಕ್ಕೆ ಕಾರಣ. ನಮ್ಮ ಅಭಿಪ್ರಾಯ ಇಷ್ಟೇ: ಸೋಲಾರ್ ಹಾಕಿಸುವಾಗ ಬ್ಯಾಟರಿಯನ್ನು ಇಡುವ ಕ್ಯಾಬಿನೆಟ್ಟಿನ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಬೇಕು. "ಆಮೇಲೆ ನೋಡೋಣ" ಎಂದು ಬಿಟ್ಟರೆ ಬ್ಯಾಟರಿ ಹೋಗಿ ಕೂರುವುದು ಮೆಟ್ಟಿಲ ಕೆಳಗೆ, ಇಲ್ಲವೇ ಅಜ್ಜಿಯ ಮಂಚದ ಪಕ್ಕ.

ನಮ್ಮ ಊರಿಗೆ ಬ್ಯಾಟರಿ ಹೊಸದೇನಲ್ಲ. 2008ರಿಂದ ಕೆಲವು ವರ್ಷ ತಮಿಳುನಾಡಿನಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುತ್ತಿದ್ದಾಗ ಎಷ್ಟೋ ಮನೆಗಳಿಗೆ ಇನ್ವರ್ಟರ್ ಬಂತು. ಈಗ 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಿಂದ ಮಾಳಿಗೆಗೆ ಪ್ಯಾನೆಲ್ ಬರುತ್ತಿದೆ. 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ಆದರೆ ಬ್ಯಾಟರಿಯಿಲ್ಲದ ಸಾಮಾನ್ಯ ಸೋಲಾರ್, ಬೀದಿಯ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬದ ಮೇಲೆ ರಿಪೇರಿ ಮಾಡುವವರಿಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿದ್ದಾರೆ. ಇದು ತಿಳಿದ ಮೇಲೆ ಹಲವರು ಬ್ಯಾಟರಿಯನ್ನೂ ಕೇಳುತ್ತಾರೆ.

ಬ್ಯಾಟರಿ ಅಂದರೆ ಭಯಪಡಬೇಕೆಂದು ನಾವು ಹೇಳುತ್ತಿಲ್ಲ. ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೆ ಕೊಡುವಷ್ಟು ಗಮನ ಇದಕ್ಕೂ ಕೊಡಬೇಕು, ಅಷ್ಟೇ. 12 ವೋಲ್ಟ್, 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ ಸುಮಾರು 1.8 ಯೂನಿಟ್ ವಿದ್ಯುತ್ ಇರುತ್ತದೆ. ಅದರ ಎರಡು ಟರ್ಮಿನಲ್ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಸಾಕು, ಕಬ್ಬಿಣ ಕೆಂಪಗೆ ಕಾಯುತ್ತದೆ. ಹಲ್ಲಿ, ಇಲಿ, ಮಕ್ಕಳ ಆಟದ ಚಮಚ ಇವಕ್ಕೆಲ್ಲ ಅದು ಗೊತ್ತಿಲ್ಲ.

ಡಿಸ್ಟಿಲ್ಡ್ ವಾಟರ್ ಹಾಕುವ ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟಾದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅದು ಗಾಳಿಗಿಂತ ಹಗುರ, ಮೇಲಕ್ಕೇ ಹೋಗುತ್ತದೆ. ಗೋದಲಿಯ ಬತ್ತಿ ಉರಿಯುತ್ತಿದ್ದದ್ದು ಸರಿಯಾಗಿ ಅಲ್ಲಿಯೇ.

ಲಿಥಿಯಂ ಬ್ಯಾಟರಿಯ ಸ್ವಭಾವ ಬೇರೆ. ಅದಕ್ಕೆ ನೀರು ಹಾಕಬೇಕಿಲ್ಲ, ಎಂದಿನಂತೆ ಚಾರ್ಜ್ ಆಗುವಾಗ ಅನಿಲವೂ ಬಿಡುವುದಿಲ್ಲ. ಮನೆಗಳಿಗೆ ಹೆಚ್ಚಾಗಿ ಬರುವ ಲಿಥಿಯಂ ಐರನ್ ಫಾಸ್ಫೇಟ್ ಉಳಿದ ಲಿಥಿಯಂ ಬಗೆಗಳಿಗಿಂತ ಬೇಗ ಕೆಡುವುದಿಲ್ಲ. ಆದರೆ ಯಾವ ಲಿಥಿಯಂ ಸೆಲ್ಲೇ ಆಗಲಿ, ಒಳಗೇ ಶಾರ್ಟ್ ಆಗಿ ಬಿಸಿಯೇರತೊಡಗಿದರೆ ತಡೆಯುವುದು ಕಷ್ಟ; ಆಗ ಹೊತ್ತಿಕೊಳ್ಳುವ ಅನಿಲ, ವಿಷದ ಹೊಗೆ ಎರಡೂ ಬರುತ್ತವೆ. ಹಳೆಯ ಸ್ಕೂಟರಿನ ಸೆಲ್ ತಂದು ಮನೆಯಲ್ಲೇ ಪ್ಯಾಕ್ ಕಟ್ಟುವ ನಮ್ಮ ಹುಡುಗರೇ, ದಯವಿಟ್ಟು ಅದನ್ನು ಮಲಗುವ ಮನೆಯೊಳಗೆ ತರಬೇಡಿ.

ಹೊರದೇಶದವರು ಇದನ್ನು ಬರೆದೇ ಇಟ್ಟಿದ್ದಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 2019ರ ಮಾನದಂಡದಲ್ಲೂ ಬ್ರಿಟನ್ನಿನ 2024ರ ಮಾರ್ಗಸೂಚಿಯಲ್ಲೂ ಮಲಗುವ ಕೋಣೆ ಮತ್ತು ಮೆಟ್ಟಿಲ ಜಾಗ ಬ್ಯಾಟರಿಗೆ ಸಲ್ಲದು. ಕಾರಣ ಸರಳ. ರಾತ್ರಿ ಬೆಂಕಿ ಬಿದ್ದರೆ ಮೇಲಿನವರು ಇಳಿದು ಬರಬೇಕಾದದ್ದು ಆ ಮೆಟ್ಟಿಲಿನಿಂದಲೇ. ನಾವು ಚಪ್ಪಲಿ, ಹಳೇ ಪೇಪರು, ಬ್ಯಾಟರಿ ಎಲ್ಲವನ್ನೂ ಅದೇ ಜಾಗಕ್ಕೆ ತುರುಕುತ್ತೇವೆ.

ಹಾಗಾದರೆ ಕ್ಯಾಬಿನೆಟ್ ಹೇಗಿರಬೇಕು? ಮರ ಬೇಡ, ತಗಡಿನದಿರಲಿ. ಬಾಗಿಲು, ಕಿಟಕಿಯಿಂದ ಒಂದು ಮೀಟರಾದರೂ ದೂರ, ಹೊರಗೋಡೆಯ ನೆರಳಿನಲ್ಲಿರಲಿ. ಏಪ್ರಿಲ್ ಬಿಸಿಲಿಗೆ ಕಾದ ಶೀಟಿನ ಕೆಳಗೆ ಬ್ಯಾಟರಿಯ ಆಯಸ್ಸು ಬೇಗ ಕರಗುತ್ತದೆ. ಐಪ್ಪಸಿ ಮಳೆಯ ಎರಚಲು ತಾಗದಂತೆ ಮೇಲೊಂದು ಸಜ್ಜಾ ಇರಲಿ. ಲೆಡ್ ಆಸಿಡ್ ಆದರೆ ಕೆಳಗೂ ಮೇಲೂ ಗಾಳಿಗಂಡಿ ಬೇಕು, ಗಂಡಿಗೆ ಹಲ್ಲಿ ನುಗ್ಗದಂತೆ ಜಾಲರಿ ಬೇಕು. ಆಸಿಡ್ ಸೋರಿದರೆ ಹಿಡಿಯಲು ಕೆಳಗೆ ಪ್ಲಾಸ್ಟಿಕ್ ತಟ್ಟೆ, ಪಕ್ಕದಲ್ಲಿ ಒಂದು ಡಬ್ಬಿ ಅಡುಗೆ ಸೋಡ ಇಡಿ. ಇನ್ವರ್ಟರನ್ನು ಅದೇ ಪೆಟ್ಟಿಗೆಯೊಳಗೆ ತುಂಬಬೇಡಿ. ಅದರೊಳಗೆ ಕಿಡಿ ಏಳುವುದುಂಟು, ಆಸಿಡ್ ಆವಿ ಅದರ ಬೋರ್ಡನ್ನೂ ತಿನ್ನುತ್ತದೆ. ಲಿಥಿಯಂ ಆದರೆ ಕಂಪನಿ ಹೇಳಿದಷ್ಟು ಜಾಗ ಸುತ್ತಲೂ ಬಿಡಿ. ಎರಡಕ್ಕೂ ಬ್ಯಾಟರಿಯ ಹತ್ತಿರವೇ ಡಿಸಿ ಫ್ಯೂಸ್, ಟರ್ಮಿನಲ್ಲಿಗೆ ಮುಚ್ಚಳ, ಬಾಗಿಲಿಗೆ ಬೀಗ ಇರಲಿ. ಬೀಗದ ಕೈ ಎಲ್ಲಿದೆಯೆಂದು ಮನೆಯ ದೊಡ್ಡವರೆಲ್ಲರಿಗೂ ಗೊತ್ತಿರಲಿ.

"ನಮ್ಮದು ಬಾಡಿಗೆ ಮನೆ" ಎನ್ನುವವರಿದ್ದಾರೆ. ನೆಲದ ಮೇಲೆ ನಿಲ್ಲುವ ಕ್ಯಾಬಿನೆಟ್ ಮಾಡಿಸಿದರೆ ಮನೆ ಬಿಡುವಾಗ ಜೊತೆಯಲ್ಲೇ ಒಯ್ಯಬಹುದು. ಖರ್ಚಿನ ಮಾತು ಬಂದರೆ, ನಾವಿರುವುದು ಎಲ್‌ಎಂಡಬ್ಲ್ಯು ಬೆಳೆದ ಊರಿನಲ್ಲಿ. ಲೇತು, ವೆಲ್ಡಿಂಗು, ತಗಡಿನ ಕೆಲಸ ಬಲ್ಲವರು ನಮ್ಮ ಮನೆಗಳಲ್ಲೇ ಇದ್ದಾರೆ. ಬ್ಯಾಟರಿಯ ಬೆಲೆಯ ಮುಂದೆ ಈ ಪೆಟ್ಟಿಗೆಯ ಬೆಲೆ ಸಣ್ಣದು. ಗಾಳಿಗಂಡಿ ಎಲ್ಲಿರಬೇಕು, ಫ್ಯೂಸ್ ಎಷ್ಟರದು ಎಂಬುದನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರ ಹತ್ತಿರ ಕೇಳಿ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯದ 8ನೇ ವಚನದಲ್ಲಿ, ಹೊಸ ಮನೆ ಕಟ್ಟುವವನು ಯಾರೂ ಬೀಳದಂತೆ ಮಾಳಿಗೆಗೆ ಗೋಡೆ ಕಟ್ಟಬೇಕೆಂಬ ಅಪ್ಪಣೆಯಿದೆ. ಇಲ್ಲಿಯವರೆಗೆ ಯಾರೂ ಬಿದ್ದಿಲ್ಲ ಎಂಬ ನೆವ ಅಲ್ಲಿ ನಡೆಯುವುದಿಲ್ಲ. ಮಾಳಿಗೆಯ ಮೇಲೆ ಪ್ಯಾನೆಲ್ ಇಟ್ಟ ನಮಗೂ ಆ ಮಾತು ಸಲ್ಲುತ್ತದೆ.

ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಾವು ಟೇಪು ಹಿಡಿದು ಮೊದಲು ಆ ಅಜ್ಜಿಯ ಮನೆಗೆ ಹೋಗುತ್ತಿದ್ದೇವೆ. ನಿಮ್ಮ ಮನೆಗೂ ಬರಬೇಕಿದ್ದರೆ ಗುಡಿಯ ಬಾಗಿಲಲ್ಲಿ ಹೇಳಿ. ಅಲ್ಲಿಯವರೆಗೆ ಬ್ಯಾಟರಿಯ ಮೇಲಿನ ಪೇಪರು, ಬಟ್ಟೆ, ಬತ್ತಿಗಳನ್ನು ಇವತ್ತೇ ತೆಗೆಯಿರಿ. ಹೊಗೆ ಕಂಡರೆ ಆರಿಸಲು ನಿಲ್ಲದೆ ಎಲ್ಲರನ್ನೂ ಹೊರಗೆ ಕರೆತಂದು 101 ಅಥವಾ 112ಕ್ಕೆ ಫೋನ್ ಮಾಡಿ.