ವಿದ್ಯಾಲಯಗಳ ಕಾರಭಾರಿಗಳನ್ನು ಸಿದ್ಧಗೊಳಿಸುವವರಾರು?

ಯಾದಗಿರಿ, ಶಹಾಪುರ, ಸುರಪುರಗಳ ಪಾಲಿಗೆ ಉಚ್ಚ ಶಿಕ್ಷಣವು ಬಹುಕಾಲ ಪರಸ್ಥಳದ ವಸ್ತುವಾಗಿತ್ತೆಂಬುದು ವಾಚಕರಿಗೆ ವಿದಿತವೇ ಇದೆ. ನಿಜಾಮರ ಆಳಿಕೆಯಲ್ಲಿ ನಮ್ಮವರಿಗಿದ್ದ ವಿಶ್ವವಿದ್ಯಾಲಯವು 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ. ಅಲ್ಲಿ ಪಾಠ ಹೇಳುತ್ತಿದ್ದುದು ಉರ್ದುವಿನಲ್ಲಿ. 1956ರ ಏಕೀಕರಣದ ತರುವಾಯ ನಾವು ಧಾರವಾಡದತ್ತ ಮುಖ ಮಾಡಿದೆವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಈಗ ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಯಾದಗಿರಿ ಜಿಲ್ಲೆಯು ಸೇರಿದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯು ಈ ಭಾಗದವರಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಮೀಸಲನ್ನು ಒದಗಿಸಿತು. ಇದೆಲ್ಲವೂ ಸಂತೋಷದ ಸಂಗತಿಯೇ ಸರಿ. ಕಟ್ಟಡ ಬಂದಿತು, ಹುದ್ದೆ ಬಂದಿತು. ಆದರೆ ಆ ಹುದ್ದೆಯಲ್ಲಿ ಕುಳಿತು ಕಾರಭಾರ ನಡೆಯಿಸುವವರನ್ನು ಅಣಿಗೊಳಿಸುವ ಕೆಲಸವನ್ನು ಯಾರೂ ವಹಿಸಿಕೊಂಡಂತೆ ಕಾಣುವುದಿಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ತನ್ನ ನಿಯಮಾವಳಿಯಲ್ಲಿ ಕಾಲೇಜಿನ ಪ್ರಾಂಶುಪಾಲರಾಗುವವರಿಗೆ ಡಾಕ್ಟರೇಟ್ ಪದವಿಯನ್ನೂ, 15 ವರ್ಷಗಳ ಅಧ್ಯಾಪನ ಅಥವಾ ಸಂಶೋಧನೆಯ ಅನುಭವವನ್ನೂ, ಕನಿಷ್ಠ 10 ಸಂಶೋಧನ ಲೇಖನಗಳನ್ನೂ ವಿಧಿಸಿತು. ಇವು ಪಾಂಡಿತ್ಯದ ಒರೆಗಲ್ಲುಗಳು. ಆಯವ್ಯಯವನ್ನು ಓದಿ ತಿಳಿಯುವುದು, ಸೇವಾ ನಿಯಮಗಳನ್ನು ಪಕ್ಷಪಾತವಿಲ್ಲದೆ ನಡೆಯಿಸುವುದು, ಕಲಹಕ್ಕಿಳಿದ ಅಧ್ಯಾಪಕರಿಬ್ಬರನ್ನು ಒಂದೆಡೆ ಕೂಡಿಸುವುದು, ಇವು ಯಾವ ಲೇಖನದಿಂದ ಸಿದ್ಧಿಸಬೇಕು? ನಮ್ಮ ರಾಜ್ಯದ ಎಷ್ಟೋ ಸರಕಾರಿ ಕಾಲೇಜುಗಳು ವರ್ಷಗಟ್ಟಲೆ ಪ್ರಭಾರಿಗಳ ಕೈಯಲ್ಲಿ ನಡೆದುಬಂದಿವೆ. ನಿನ್ನೆ ಪಾಠ ಹೇಳುತ್ತಿದ್ದವರಿಗೆ ಇಂದು ಬೀಗದ ಕೈಗೊಂಚಲು. ನಾಳೆ ಲೆಕ್ಕ ತಪಾಸಣೆಯವರ ಆಕ್ಷೇಪಣೆ.

“ಕುರ್ಚಿಯ ಮೇಲೆ ಕುಳಿತರೆ ತಾವೇ ಕಲಿತಾರು” ಎಂದು ಹೇಳುವ ಮಹನೀಯರುಂಟು. ಭೀಮೆಯ ನೆರೆಯಲ್ಲಿ ನೂಕಿ ಈಜು ಕಲಿಸುವ ಪದ್ಧತಿಯಿದು. ನಮ್ಮ ಒಕ್ಕಲಿಗನು ಕೂಡ ಮಗನ ಕೈಗೆ ಕೂರಿಗೆಯನ್ನು ಕೊಡುವ ಮೊದಲು ಒಂದು ಹಂಗಾಮು ತನ್ನ ಬೆನ್ನಿಗೆ ನಡೆಯಿಸುತ್ತಾನೆ. ಕಲಿಯುವವರ ತಪ್ಪಿನ ದಂಡವನ್ನು ತೆರುವವರಾದರೂ ಯಾರು? 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52. ರಾಜ್ಯದಲ್ಲಿ ಅತಿ ಕಡಿಮೆ. ಮನೆತನದಲ್ಲಿ ಮೊದಲಾಗಿ ಕಾಲೇಜಿನ ಮೆಟ್ಟಿಲೇರಿದ ಹುಡುಗಿಯ ವಿದ್ಯಾರ್ಥಿವೇತನವು ಒಂದು ರುಜುವಿಗಾಗಿ ದಫ್ತರದಲ್ಲಿ ಕೊಳೆತರೆ, ಅವಳು ಬರುವ ವರ್ಷ ಹತ್ತಿ ಬಿಡಿಸಲು ಹೋಗುವಳೇ ಹೊರತು ಮರಳಿ ತರಗತಿಗೆ ಬರಲಾರಳು.

ಕೇಂದ್ರ ಸರಕಾರವು 2018ರಲ್ಲಿ ‘ಲೀಪ್’ ಎಂಬ ಮೂರು ವಾರಗಳ ಶಿಕ್ಷಣವನ್ನು ಆರಂಭಿಸಿತು. ಎರಡು ವಾರ ಸ್ವದೇಶದಲ್ಲಿ, ಒಂದು ವಾರ ವಿದೇಶದಲ್ಲಿ. ನಾಯಕತ್ವವೂ ಕಲಿಸತಕ್ಕ ವಿದ್ಯೆಯೆಂದು ಸರಕಾರವೇ ಒಪ್ಪಿದಂತಾಯಿತು. ಆದರೆ ಅದು ದೊಡ್ಡ ಸಂಸ್ಥೆಗಳ ಎರಡನೆಯ ಸಾಲಿನ ಅಧಿಕಾರಿಗಳಿಗಾಗಿ ಹೊಂದಿಸಿದ್ದು. ಸುರಪುರದ ಅಧ್ಯಾಪಕನಿಗೆ ಬೇಕಾದುದು ವಿದೇಶ ಪ್ರವಾಸವಲ್ಲ. ತನ್ನ ದಫ್ತರದ ಕಡತಗಳ ಮರ್ಮ.

ಆದಕಾರಣ ನಮ್ಮ ಸೂಚನೆಗಳು ಮೂರು. ಪ್ರಾಂಶುಪಾಲರು ನಿವೃತ್ತರಾಗುವುದಕ್ಕೆ ಒಂದು ವರ್ಷ ಮೊದಲೇ ಮುಂದಿನವರನ್ನು ಗೊತ್ತುಮಾಡಿ ಅವರ ಬಳಿಯಲ್ಲಿ ಕೆಲಸಕ್ಕೆ ಹಚ್ಚಬೇಕು. ರಾಯಚೂರಿನ ವಿಶ್ವವಿದ್ಯಾಲಯವು ಪ್ರತಿ ಬೇಸಿಗೆಯ ರಜೆಯಲ್ಲಿ, ನಿವೃತ್ತ ಪ್ರಾಂಶುಪಾಲರಿಂದಲೂ ಲೆಕ್ಕಾಧಿಕಾರಿಗಳಿಂದಲೂ, ಕನ್ನಡದಲ್ಲಿಯೇ ಒಂದು ಶಿಕ್ಷಣ ವರ್ಗವನ್ನು ನಡೆಯಿಸಬೇಕು. ಅದರಲ್ಲಿ ಅಧ್ಯಾಪಕಿಯರಿಗೆ ತಕ್ಕ ಪಾಲಿರಬೇಕು. ಆ ವರ್ಗವನ್ನು ಮುಗಿಸಿದವರಿಗೇ ನೇಮಕದಲ್ಲಿ ಅಗ್ರಸ್ಥಾನವಿರಬೇಕು. ಶಿಫಾರಸಿನ ಚೀಟಿಗೆ ಅಲ್ಲಿ ಎಡೆ ದೊರೆಯಕೂಡದು.

ಇದಕ್ಕೆ ತಗಲುವ ವೆಚ್ಚವು ಅಲ್ಪ. 371(ಜೆ) ನಮಗೆ ಕುರ್ಚಿಯನ್ನು ಕೊಟ್ಟಿತು. ಅದರಲ್ಲಿ ಕುಳ್ಳಿರುವ ಯೋಗ್ಯತೆಯನ್ನು ಯಾವ ವಿಧಿಯೂ ಕೊಡಲಾರದು. ಅದನ್ನು ನಾವೇ ಸಂಪಾದಿಸಿಕೊಳ್ಳದಿದ್ದರೆ, “ಇಲ್ಲಿಯವರಿಂದ ಆಗದು” ಎಂಬ ಹಳೆಯ ನಿಂದೆಗೆ ನಾವೇ ಸಾಕ್ಷಿ ಒದಗಿಸಿದಂತಾಗುವುದು. ವಿಶ್ವವಿದ್ಯಾಲಯದ ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಲೆಂದು ಆಶಿಸುತ್ತೇವೆ.