ಊರಲ್ಲಿ ಮನೆ: ಮುಂಗಡಕ್ಕೆ ಮೊದಲು ಕಾಗದಪತ್ರ

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವ ಮುಂಬಯಿ ಕನ್ನಡಿಗರಲ್ಲಿ ಅನೇಕರು ಮದುವೆ, ನೇಮ, ಗೃಹಪ್ರವೇಶಗಳ ನಡುವೆ ಒಂದೆರಡು ಮನೆಗಳನ್ನೂ ನೋಡಿ ಬರುತ್ತಾರೆ. ದುಡಿಮೆ ಮುಗಿದ ಮೇಲೆ ಹುಟ್ಟೂರಲ್ಲಿ ನೆಲೆಸಬೇಕೆಂಬ ಆಸೆ ಸಹಜವಾದುದೇ. ಹತ್ತು ಸೆಂಟ್ಸ್ ಜಾಗದ ಹಂಚಿನ ಮನೆಯೋ ಹೊಸ ತಾರಸಿ ಮನೆಯೋ ಮನಸ್ಸಿಗೆ ಹಿಡಿದರೆ, ಬಾವಿಯಲ್ಲಿ ನೀರಿದೆಯೇ, ಅಂಗಳದವರೆಗೆ ರಿಕ್ಷಾ ಬರುತ್ತದೆಯೇ ಎಂದು ವಿಚಾರಿಸಿ, ರೈಲು ಹತ್ತುವ ಮೊದಲೇ ಮುಂಗಡ ಕೊಟ್ಟು ಬರುವುದೂ ಉಂಟು. ಬ್ಯಾಂಕಿನ ವಕೀಲರು ಕಾಗದಪತ್ರ ಕೇಳುವುದು ಆ ಬಳಿಕ. ಕಷ್ಟಪಟ್ಟು ಉಳಿಸಿದ ಹಣ ಸಿಕ್ಕಿಹಾಕಿಕೊಳ್ಳುವುದೂ ಅಲ್ಲಿಯೇ.

ಇದಕ್ಕೆ ಇಂಬು ಕೊಡುವುದು ‘ಸರಕಾರದ ಸಬ್ಸಿಡಿ ಸಿಗುತ್ತದೆ’ ಎಂಬ ದಲ್ಲಾಳಿಗಳ ಭರವಸೆ. ಗರಿಷ್ಠ 2.67 ಲಕ್ಷ ರೂ. ಸಿಗುತ್ತಿದ್ದ ಹಳೆಯ ಬಡ್ಡಿ ಸಹಾಯಧನ ಯೋಜನೆ 2022ರ ಮಾರ್ಚ್‌ಗೇ ಮುಗಿದಿದೆ. ಆದರೂ ಆ ಅಂಕೆಯನ್ನು ಹೇಳುವವರು ಇನ್ನೂ ಇದ್ದಾರೆ. 2024ರ ಸೆಪ್ಟೆಂಬರ್ 1ರಂದು ಐದು ವರ್ಷಗಳ ಅವಧಿಗೆ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆ-ನಗರ 2.0ರ ಲೆಕ್ಕ ಬೇರೆ. ಕುಟುಂಬದ ವಾರ್ಷಿಕ ಆದಾಯ 9 ಲಕ್ಷ, ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂ. ಮೀರದಿದ್ದರೆ ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರ ಬಡ್ಡಿ ಸಹಾಯ. ಐದು ವಾರ್ಷಿಕ ಕಂತುಗಳಲ್ಲಿ ಹೆಚ್ಚೆಂದರೆ 1.80 ಲಕ್ಷ ರೂ.

ಹೆಸರೇ ಹೇಳುವಂತೆ ಇದು ನಗರಕ್ಕೆ ಸಂಬಂಧಿಸಿದ್ದು. ಹಾಗೆಂದು ಹಳ್ಳಿಯ ಮನೆಗೆ ಸಿಗುವುದೇ ಇಲ್ಲ ಎನ್ನುವಂತಿಲ್ಲ. ನಗರಾಭಿವೃದ್ಧಿ ಪ್ರಾಧಿಕಾರದಂಥ ಸಂಸ್ಥೆಗಳ ಅಧಿಸೂಚಿತ ಯೋಜನಾ ಪ್ರದೇಶದೊಳಗೆ ಬರುವ ಗ್ರಾಮಗಳಿಗೂ ಯೋಜನೆಯಲ್ಲಿ ಅವಕಾಶವಿದೆ. ಅಂದರೆ ಪಂಚಾಯತ್ ವ್ಯಾಪ್ತಿಯ ಒಂದು ಗ್ರಾಮದ ಮನೆಗೆ ಸಿಗಬಹುದಾದುದು, ಹೊಳೆ ದಾಟಿ ಪಕ್ಕದ ಗ್ರಾಮಕ್ಕೆ ಹೋದರೆ ಸಿಗದಿರಬಹುದು. ಮಾರುವವರ ಮಾತನ್ನು ನೆಚ್ಚದೆ ಗ್ರಾಮದ ಹೆಸರು ಹಿಡಿದು ಪ್ರಾಧಿಕಾರದಲ್ಲಿಯೂ ಬ್ಯಾಂಕಿನಲ್ಲಿಯೂ ಕೇಳಿ ತಿಳಿಯುವುದು ಒಂದು ದಿನದ ಕೆಲಸ. ಅಪ್ಪಟ ಗ್ರಾಮೀಣ ಪ್ರದೇಶಕ್ಕಿರುವ ಆವಾಸ್ ಯೋಜನೆಯು ಮನೆ ಇಲ್ಲದ ಬಡವರಿಗೆ ಕಟ್ಟಿಕೊಳ್ಳಲು ನೀಡುವ ಸಹಾಯಧನವೇ ಹೊರತು ಮನೆ ಖರೀದಿಯ ಸಾಲವಲ್ಲ.

ಮುಂಬಯಿಗರು ವಿಶೇಷವಾಗಿ ಗಮನಿಸಬೇಕಾದ ಷರತ್ತು ಇನ್ನೊಂದಿದೆ. ದೇಶದಲ್ಲೆಲ್ಲಿಯೂ ಕುಟುಂಬದ ಹೆಸರಲ್ಲಿ ಪಕ್ಕಾ ಮನೆ ಇರಬಾರದು. ಕುಟುಂಬವೆಂದರೆ ಪತಿ, ಪತ್ನಿ, ಅವಿವಾಹಿತ ಮಕ್ಕಳು. ನಾಲಾಸೋಪಾರದಲ್ಲೋ ಡೊಂಬಿವಲಿಯಲ್ಲೋ ಪತ್ನಿಯ ಹೆಸರಲ್ಲಿ ಒಂದು ಕೋಣೆಯ ಫ್ಲ್ಯಾಟ್ ಇದ್ದರೂ ಈ ಸಹಾಯ ಸಲ್ಲದು. ಊರಿನವರಿಗೆ ಗೊತ್ತಾಗದು ಎಂದು ಸುಳ್ಳು ಪ್ರಮಾಣ ಪತ್ರ ಬರೆದುಕೊಡುವ ಸಾಹಸ ಬೇಡ. ನಿಜವಾಗಿ ಇದರ ಪ್ರಯೋಜನ ಸಲ್ಲಬೇಕಾದುದು ಹೊಟೇಲಿನ ಕೋಣೆಯಲ್ಲೋ ಬಾಡಿಗೆ ಚಾಳಿನಲ್ಲೋ ಇಪ್ಪತ್ತು ವರ್ಷ ಕಳೆದ ಕಾರ್ಮಿಕರಿಗೆ. ವಿಪರ್ಯಾಸವೆಂದರೆ ಸಂಬಳ ಕೈಗೆ ನಗದಾಗಿ ಬರುವ ಅವರಲ್ಲಿ ಆದಾಯ ತೋರಿಸುವ ದಾಖಲೆಯೇ ಇರುವುದಿಲ್ಲ. ಹೊಟೇಲು ಮಾಲಕರು ಸಂಬಳವನ್ನು ಬ್ಯಾಂಕ್ ಖಾತೆಗೆ ಹಾಕುವ ಮನಸ್ಸು ಮಾಡಿದರೆ ಅದೇ ದೊಡ್ಡ ಉಪಕಾರ.

ಸಬ್ಸಿಡಿಯ ಮಾತು ಬದಿಗಿರಲಿ, ಸಾಲವೇ ಹುಟ್ಟಬೇಕಾದರೆ ಮನೆಯ ದಾಖಲೆ ನೇರವಿರಬೇಕು. 2013ರಿಂದ ಕರ್ನಾಟಕದ ಗ್ರಾಮ ಪಂಚಾಯತ್‌ಗಳಲ್ಲಿ ಇ-ಸ್ವತ್ತು ವ್ಯವಸ್ಥೆ ಜಾರಿಯಲ್ಲಿದೆ. ಊರವರ ಬಾಯಲ್ಲಿ ‘ನೈನ್ ಇಲೆವೆನ್’ ಆಗಿರುವ ನಮೂನೆ 9 ಮತ್ತು 11 ಅದರದ್ದೇ. ಗ್ರಾಮಠಾಣಾದೊಳಗಿನ ಅಥವಾ ಭೂಪರಿವರ್ತನೆಯಾಗಿ ವಿನ್ಯಾಸ ಅನುಮೋದನೆ ಪಡೆದ ಜಾಗವಾದರೆ ನಮೂನೆ 9ರ ಜತೆ 11-ಎ ಸಿಗುತ್ತಿತ್ತು. ಕ್ರಮಬದ್ಧವಲ್ಲದ ಆಸ್ತಿಗೆ ತೆರಿಗೆ ವಸೂಲಿಗಾಗಿ ಕೊಡುತ್ತಿದ್ದುದು 11-ಬಿ. ಒಂದೇ ಒಂದು ಅಕ್ಷರದ ವ್ಯತ್ಯಾಸ, ಆದರೆ 11-ಬಿ ಕಂಡರೆ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ತೆರಿಗೆ ರಶೀದಿ, ಕರೆಂಟ್ ಬಿಲ್ಲು ಇದೆಯೆಂದ ಮಾತ್ರಕ್ಕೆ ಮನೆ ಸಕ್ರಮವೆಂದು ಭಾವಿಸಬಾರದು.

2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳಲು ದಾರಿಯಾದ ಬಳಿಕ ಹೊಸ ಗೊಂದಲವೊಂದು ಹುಟ್ಟಿಕೊಂಡಿದೆ. ಜಾಗ ಕೊಳ್ಳಲು ಅಡ್ಡಿಯಿಲ್ಲ ಎಂದ ಕೂಡಲೇ ಅಲ್ಲಿನ ಮನೆಗೆ ಸಾಲ ಸಿಗುತ್ತದೆಂದು ಅರ್ಥವಲ್ಲ. ಪಹಣಿಯಲ್ಲಿ ಇನ್ನೂ ಕೃಷಿ ಭೂಮಿಯಾಗಿದ್ದರೆ ಕನ್ವರ್ಷನ್ ಕೇಳಿಯೇ ಕೇಳುತ್ತಾರೆ. ಇನ್ನು ಕರಾವಳಿಯ ಹಳೆಯ ಮನೆಗಳದ್ದು ಕುಟುಂಬದ ಕಥೆ. ಮನೆ ತೋರಿಸುವವರು ಒಬ್ಬರು, ಪಹಣಿಯಲ್ಲಿ ಹೆಸರಿರುವವರು ಏಳು ಮಂದಿ, ಅದರಲ್ಲಿ ಇಬ್ಬರು ತೀರಿಕೊಂಡವರು, ಒಬ್ಬರು ಗಲ್ಫಿನಲ್ಲಿ! ಪಾಲುಪಟ್ಟಿ ನೋಂದಣಿಯಾಗದೆ ಇಂಥಲ್ಲಿ ಮುಂಗಡ ಕೊಡುವುದು ಹೊಳೆಗೆ ಹುಣಸೆಹಣ್ಣು ತೊಳೆದಂತೆ. ಸರಕಾರಿ ಹಕ್ಕುಪತ್ರದಿಂದ ಬಂದ ಜಾಗವಾದರೆ ಪರಭಾರೆ ನಿಷೇಧದ ಅವಧಿ ಮುಗಿದಿದೆಯೇ ಎಂಬುದನ್ನೂ ನೋಡಬೇಕು.

ಇಷ್ಟನ್ನೆಲ್ಲ ದಿನವಿಡೀ ದುಡಿಯುವವರು ಒಬ್ಬರೇ ವಿಚಾರಿಸಿ ತಿಳಿಯುವುದು ಕಷ್ಟ. ನಗರದ ಕನ್ನಡ ಸಂಘಗಳಲ್ಲಿ ವಕೀಲರಿದ್ದಾರೆ, ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರಿದ್ದಾರೆ. ವಾರ್ಷಿಕೋತ್ಸವಕ್ಕೆ ತಿಂಗಳುಗಟ್ಟಲೆ ಓಡಾಡುವ ಪದಾಧಿಕಾರಿಗಳು ಏಪ್ರಿಲ್‌ನ ಒಂದು ರವಿವಾರ, ಸದಸ್ಯರು ಊರಿಗೆ ಹೊರಡುವ ಮೊದಲು, ಇಂಥವರನ್ನು ಸಂಘದ ಕಚೇರಿಯಲ್ಲಿ ಕೂರಿಸಬಹುದು. ಮೊಬೈಲಿನಲ್ಲಿ ತರಿಸಿಕೊಂಡ ಪಹಣಿ, ಇ-ಸ್ವತ್ತು ನಮೂನೆ, ಋಣಭಾರ ಪತ್ರಗಳ ಪ್ರತಿ ತಂದರೆ ಯಾವುದು ಕಡಿಮೆಯಿದೆ ಎಂದು ಅನುಭವಸ್ಥರು ಅರ್ಧ ಗಂಟೆಯಲ್ಲಿ ಹೇಳಿಯಾರು. ಇದಕ್ಕೆ ಸಭಾಗೃಹವೂ ಬೇಡ, ಹಾರ ತುರಾಯಿಯೂ ಬೇಡ.